ಸಾಂಟಾ ಕ್ಲಾರಾ ಕೌಂಟಿ: ಸೂಪರ್‌ವೈಸರ್ ಕಳುಹಿಸುವ ವರದಿಯನ್ನು ಹೇಗೆ ಓದಬೇಕು?

ಪ್ರಶ್ನೆ: ಸನಿವೇಲ್ ಹೊಸಬ

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಾವು ಕ್ಯಾಲಿಫೋರ್ನಿಯದ ಸನಿವೇಲ್‌ನಲ್ಲಿ ಮನೆ ಕೊಂಡೆವು. ಅಲ್ಲಿಂದೀಚೆಗೆ ನಮ್ಮ ಭಾಗದ ಕೌಂಟಿ ಸೂಪರ್‌ವೈಸರ್ (ಕೌಂಟಿ ಮಂಡಳಿಯ ಚುನಾಯಿತ ಸದಸ್ಯರು) ಕಚೇರಿಯಿಂದ ನಿವಾಸಿಗಳಿಗೆಂದು ಸಿದ್ಧಪಡಿಸಿದ ವರದಿಯೊಂದು ಇಮೇಲ್‌ನಲ್ಲಿ ಬರುತ್ತಿದೆ. ಮೊದಮೊದಲು ತೆರೆಯದೆಯೇ ಅಳಿಸುತ್ತಿದ್ದೆ. ಈ ಸಲ ತಲೆಬರಹದಲ್ಲಿ ಬಜೆಟ್ ಕೊರತೆ, ಆಸ್ಪತ್ರೆಗಳು, 2026ರ ಏಪ್ರಿಲ್‌ನಿಂದ ಹೆಚ್ಚಾಗುವ ಮಾರಾಟ ತೆರಿಗೆ ಎಂಬ ಮಾತುಗಳು ಕಂಡದ್ದರಿಂದ ಪೂರ್ತಿ ಓದಿದೆ. ಓದಿ ಮುಗಿಸಿದ ಮೇಲೆ ತಿಳಿದದ್ದಕ್ಕಿಂತ ತಿಳಿಯದೆ ಉಳಿದದ್ದೇ ಹೆಚ್ಚಾಯಿತು.

ಸನಿವೇಲ್‌ಗೆ ತನ್ನದೇ ನಗರ ಸಭೆ, ತನ್ನದೇ ಪೊಲೀಸರು, ತನ್ನದೇ ಗ್ರಂಥಾಲಯ ಎಲ್ಲವೂ ಇರುವಾಗ ಅದರ ಮೇಲೊಂದು ಕೌಂಟಿ ಸರ್ಕಾರ ಯಾವ ಕೆಲಸಕ್ಕೆ ಎಂಬುದು ನನ್ನ ಮೊದಲ ಪ್ರಶ್ನೆ. ನಮ್ಮ ಕಡೆಯ ಜಿಲ್ಲಾ ಪಂಚಾಯತ್‌ನಂತೆ ಎಂದು ಭಾವಿಸಬಹುದೇ? ಎರಡನೆಯದಾಗಿ, ವರ್ಷಕ್ಕೆರಡು ಬಾರಿ ಇಷ್ಟು ದೊಡ್ಡ ಮೊತ್ತದ ಆಸ್ತಿ ತೆರಿಗೆ ಕಟ್ಟುತ್ತಿದ್ದರೂ ಆಸ್ಪತ್ರೆ ನಡೆಸಲು ಹಣ ಸಾಲದು ಎಂದು ಹೇಳುವುದು ಹೇಗೆ? ಮೂರನೆಯದು, ನಾವಿಬ್ಬರೂ ಎಚ್-1ಬಿ ವೀಸಾದಲ್ಲಿ ಇರುವವರು, ಗ್ರೀನ್ ಕಾರ್ಡ್ ಸರದಿ ಯಾವಾಗ ಬರುವುದೋ ಗೊತ್ತಿಲ್ಲ. ಮತವೇ ಇಲ್ಲದವರು ಇಂಥ ವರದಿಯನ್ನು ಓದಿ ಮಾಡುವುದಾದರೂ ಏನು? ಇಲ್ಲಿ ಬಹುಕಾಲದಿಂದ ನೆಲೆಸಿರುವ ಹಿರಿಯರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹೆಡ್ಡಿಂಗ್ ಬೀದಿಯ ಓದುಗ

ನಮಸ್ಕಾರ. ಸ್ಯಾನ್ ಹೋಸೆಯ ವೆಸ್ಟ್ ಹೆಡ್ಡಿಂಗ್ ಬೀದಿಯ 70ನೇ ನಂಬರಿನ ಕಟ್ಟಡದಲ್ಲಿ ಮಂಗಳವಾರಗಳಂದು ನಡೆಯುವ ಸೂಪರ್‌ವೈಸರ್‌ಗಳ ಮಂಡಳಿಯ ಸಭೆಯನ್ನು ಅನುಸರಿಸುವ ಅಭ್ಯಾಸ ನನಗೆ ಬಹಳ ಹಿಂದೆಯೇ ಅಂಟಿಕೊಂಡಿದೆ. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಬೇಕು.

ಕ್ಯಾಲಿಫೋರ್ನಿಯದಲ್ಲಿ 58 ಕೌಂಟಿಗಳಿವೆ. ನಮ್ಮದು 1850ರಲ್ಲಿ ರಾಜ್ಯ ಹುಟ್ಟಿದಾಗಲೇ ರಚನೆಯಾದ ಮೊದಲ ಕೌಂಟಿಗಳಲ್ಲಿ ಒಂದು. ಸುಮಾರು 19 ಲಕ್ಷ ಜನ, 15 ನಗರಗಳು, ಐವರು ಸೂಪರ್‌ವೈಸರ್‌ಗಳು. ಅಂದರೆ ಒಬ್ಬೊಬ್ಬರೂ ನಾಲ್ಕು ಲಕ್ಷಕ್ಕೆ ಸ್ವಲ್ಪ ಕಡಿಮೆ ಜನರನ್ನು ಪ್ರತಿನಿಧಿಸುತ್ತಾರೆ. ವಾರ್ಷಿಕ ಬಜೆಟ್ 1,300 ಕೋಟಿ ಡಾಲರ್ ಮೀರುತ್ತದೆ. ಇಷ್ಟು ದೊಡ್ಡ ಸಂಸ್ಥೆ ನಮ್ಮ ದೈನಂದಿನ ಬದುಕಿನಲ್ಲಿ ಕಣ್ಣಿಗೆ ಬೀಳದಿರುವುದಕ್ಕೆ ಕಾರಣವಿದೆ. ಕಸ, ನೀರು, ಕಟ್ಟಡ ಪರವಾನಗಿ, ಪಾರ್ಕಿಂಗ್ ಮೊದಲಾದ ಕಣ್ಣೆದುರಿನ ಕೆಲಸಗಳನ್ನು ನಗರಗಳು ನೋಡಿಕೊಳ್ಳುತ್ತವೆ. ಕಷ್ಟ ಬಂದಾಗ ಮಾತ್ರ ನೆನಪಾಗುವ ಕೆಲಸಗಳು, ಅಂದರೆ ಸಾರ್ವಜನಿಕ ಆಸ್ಪತ್ರೆ, ಜೈಲು, ಸರ್ಕಾರಿ ವಕೀಲರ ಕಚೇರಿ, ಮಾನಸಿಕ ಆರೋಗ್ಯ ಸೇವೆ, ಅನಾಥ ಮಕ್ಕಳ ರಕ್ಷಣೆ, ಸಾಂಕ್ರಾಮಿಕ ರೋಗಗಳ ನಿಯಂತ್ರಣ, ಬಡವರಿಗೆ ಆಹಾರ ಹಾಗೂ ವೈದ್ಯಕೀಯ ನೆರವಿನ ಅರ್ಜಿಗಳ ವಿಲೇವಾರಿ ಕೌಂಟಿಯ ಪಾಲಿಗೆ ಬಂದಿವೆ. ಚುನಾವಣೆ ನಡೆಸುವುದು, ಮನೆಯ ಕ್ರಯಪತ್ರ ನೋಂದಾಯಿಸುವುದು, ಜನನ ಮರಣ ವಿವಾಹಗಳ ಪ್ರಮಾಣಪತ್ರ ನೀಡುವುದು ಸಹ ಅದರದೇ ಕೆಲಸ. ಇಲ್ಲಿ ಹುಟ್ಟಿದ ಮಗುವಿಗೆ ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡ್) ಮಾಡಿಸಿದವರೆಲ್ಲರೂ ಜನನ ಪ್ರಮಾಣಪತ್ರಕ್ಕಾಗಿ ಕೌಂಟಿಯ ಬಾಗಿಲು ತಟ್ಟಿಯೇ ಇರುತ್ತಾರೆ.

ಗಡಿಗಳು ಎಲ್ಲಿ ಬೆರೆಯುತ್ತವೆ ಎಂಬುದು ಊರಿಂದೂರಿಗೆ ಬೇರೆ. ನಿಮ್ಮ ಸನಿವೇಲ್‌ನಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ಎರಡನ್ನೂ ನಗರದ ಒಂದೇ ಇಲಾಖೆ ನಡೆಸುತ್ತದೆ. ಪಕ್ಕದ ಕೂಪರ್ಟಿನೊಗೆ ತನ್ನದೇ ಪೊಲೀಸರಿಲ್ಲ, ಅದು ಸರಟೋಗ ಮತ್ತು ಲಾಸ್ ಆಲ್ಟೋಸ್ ಹಿಲ್ಸ್‌ಗಳಂತೆ ಕೌಂಟಿಯ ಶೆರಿಫ್ ಇಲಾಖೆಗೆ ಹಣ ಕೊಟ್ಟು ಕಾವಲು ಪಡೆಯುತ್ತದೆ. ಅಲ್ಲಿನ ಗ್ರಂಥಾಲಯ ಕೂಡ ಕೌಂಟಿ ಗ್ರಂಥಾಲಯ ವ್ಯವಸ್ಥೆಗೆ ಸೇರಿದ್ದು. ಇನ್ನು ರಸ್ತೆಗಳು: ಲಾರೆನ್ಸ್, ಸ್ಯಾನ್ ಟೋಮಸ್, ಸೆಂಟ್ರಲ್, ಮಾಂಟೇಗ್ ಮೊದಲಾದ ಎಂಟು ಎಕ್ಸ್‌ಪ್ರೆಸ್‌ವೇಗಳು ಯಾವ ನಗರದ ಒಳಗೆ ಹಾದರೂ ಅವುಗಳ ಒಡೆತನ ಕೌಂಟಿಯದು. ಲಾರೆನ್ಸ್‌ನಲ್ಲಿ ಗುಂಡಿ ಬಿದ್ದರೆ ಸನಿವೇಲ್ ನಗರಕ್ಕೆ ಫೋನ್ ಮಾಡಿ ಪ್ರಯೋಜನವಿಲ್ಲ, ಕೌಂಟಿಯ ರಸ್ತೆ ಇಲಾಖೆಗೆ ದೂರು ಕೊಡಬೇಕು. ಅದೇ ಲಾರೆನ್ಸ್‌ನಿಂದ ಎಡಕ್ಕೆ ತಿರುಗಿ ಮನೆಯ ಬೀದಿಗೆ ಬಂದಿರೋ, ಅಲ್ಲಿಂದ ಗುಂಡಿ ನಗರದ್ದಾಗುತ್ತದೆ. ನಗರಗಳ ಎಲ್ಲೆಯ ಹೊರಗಿನ ಭೂಮಿಗೆ ಕೌಂಟಿಯೇ ನಗರ ಸಭೆ ಇದ್ದಂತೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಹುಪಾಲು ಆವರಣ ಅಂಥ ಭೂಮಿಯಲ್ಲಿರುವುದರಿಂದ, ಅಲ್ಲಿ ಎಷ್ಟು ಕಟ್ಟಬಹುದು ಎಂಬುದನ್ನು ನಿರ್ಧರಿಸುವುದೂ ಈ ಐವರೇ. ಶಾಲೆಗಳು ಮಾತ್ರ ಕೌಂಟಿಯ ಅಡಿಯಲ್ಲಿಲ್ಲ, ಶಾಲಾ ಜಿಲ್ಲೆಗಳು ಸ್ವತಂತ್ರ ಸಂಸ್ಥೆಗಳು. ವಿಟಿಎ ಬಸ್ಸು ರೈಲುಗಳ ಸಂಸ್ಥೆಯೂ ಬೇರೆ.

ಜಿಲ್ಲಾ ಪಂಚಾಯತ್ ಹೋಲಿಕೆ ಅರ್ಧ ದಾರಿಯವರೆಗೆ ಬರುತ್ತದೆ. ಅಲ್ಲಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಇರುವಂತೆ ಇಲ್ಲಿ ಕೌಂಟಿ ಎಕ್ಸಿಕ್ಯುಟಿವ್ ಇದ್ದಾರೆ. ಆದರೆ ಅವರನ್ನು ರಾಜ್ಯ ಸರ್ಕಾರ ಕಳುಹಿಸುವುದಿಲ್ಲ, ಮಂಡಳಿಯೇ ನೇಮಿಸುತ್ತದೆ, ಮಂಡಳಿಯೇ ತೆಗೆಯಬಲ್ಲದು. 2023ರಿಂದ ಆ ಹುದ್ದೆಯಲ್ಲಿರುವ ಜೇಮ್ಸ್ ವಿಲಿಯಮ್ಸ್ ಮೊದಲು ಇದೇ ಕೌಂಟಿಯ ಕಾನೂನು ಸಲಹೆಗಾರರಾಗಿದ್ದವರು. ನಮ್ಮಲ್ಲಿ ಎಸ್‌ಪಿ ನೇಮಕಗೊಂಡು ಬರುತ್ತಾರೆ, ಇಲ್ಲಿ ಶೆರಿಫ್ ಮತ್ತು ಡಿಸ್ಟ್ರಿಕ್ಟ್ ಅಟಾರ್ನಿ ಇಬ್ಬರೂ ಮತ ಕೇಳಿ ಗೆದ್ದು ಬರಬೇಕು. ಆಸ್ತಿಯ ಮೌಲ್ಯ ನಿರ್ಧರಿಸುವ ಅಸೆಸರ್ ಕೂಡ ಚುನಾಯಿತರೇ. ಮೂರು ದಶಕ ಆ ಹುದ್ದೆಯಲ್ಲಿದ್ದ ಲ್ಯಾರಿ ಸ್ಟೋನ್ 2025ರಲ್ಲಿ ನಿವೃತ್ತರಾದಾಗ ತೆರವಾದ ಸ್ಥಾನಕ್ಕೆ ಅದೇ ನವೆಂಬರ್‌ನಲ್ಲಿ ಚುನಾವಣೆ ನಡೆಸಿದರು. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ಉಳಿದುದನ್ನು ಬಲ್ಲ ನಮಗೆ, ಒಂದು ಕುರ್ಚಿ ಖಾಲಿಯಾದರೆ ಕೆಲವೇ ತಿಂಗಳಲ್ಲಿ ಮತಪೆಟ್ಟಿಗೆ ಇಡುವ ಈ ಪದ್ಧತಿಯನ್ನು ಕಂಡು ಸ್ವಲ್ಪ ಅಸೂಯೆ ಆಗುವುದು ಸಹಜ.

ಈಗ ನಿಮಗೆ ಬಂದ ವರದಿಯ ವಿಚಾರ. ಯಾವ ಸೂಪರ್‌ವೈಸರ್ ಕಳುಹಿಸಿದರೂ ಅದರಲ್ಲಿ ಮೂರು ಬಗೆಯ ಸುದ್ದಿಗಳು ಒಂದೇ ದನಿಯಲ್ಲಿ, ಒಂದರ ಪಕ್ಕ ಒಂದು ಕುಳಿತಿರುತ್ತವೆ. ಕೌಂಟಿ ತಾನೇ ನಿರ್ಧರಿಸಿದ್ದು ಒಂದು. ರಾಜ್ಯ ಅಥವಾ ಕೇಂದ್ರ ಸರ್ಕಾರ ನಿರ್ಧರಿಸಿ ಕೌಂಟಿಯ ಕೈಯಿಂದ ಮಾಡಿಸುತ್ತಿರುವುದು ಇನ್ನೊಂದು. ಬೇರೆ ಯಾರೋ ಮಾಡಿದ ಕೆಲಸದ ಉದ್ಘಾಟನೆಯಲ್ಲಿ ಸೂಪರ್‌ವೈಸರ್ ನಿಂತು ಫೋಟೋ ತೆಗೆಸಿಕೊಂಡದ್ದು ಮತ್ತೊಂದು. ಮೂರನೆಯದನ್ನು ಧಾರಾಳವಾಗಿ ಬಿಟ್ಟುಬಿಡಿ. ಮೊದಲೆರಡನ್ನು ಬೇರ್ಪಡಿಸಲು ಪ್ರತಿ ಸುದ್ದಿಯನ್ನೂ ಎರಡು ಪ್ರಶ್ನೆ ಕೇಳಬೇಕು: ಹಣ ಯಾರದು, ಬೇಡ ಎನ್ನುವ ಅಧಿಕಾರ ಕೌಂಟಿಗೆ ಇತ್ತೇ? ಉದಾಹರಣೆಗೆ, ಹಿರಿಯರ ಮೆಡಿ-ಕ್ಯಾಲ್ (ಕಡಿಮೆ ಆದಾಯದವರಿಗೆ ರಾಜ್ಯ ನೀಡುವ ಆರೋಗ್ಯ ವಿಮೆ) ಅರ್ಹತೆಗೆ ಒಬ್ಬರಿಗೆ 1,30,000 ಡಾಲರ್ ಆಸ್ತಿಯ ಮಿತಿ 2026ರ ಜನವರಿಯಿಂದ ಮತ್ತೆ ಬಂದಿದೆ. ಅರ್ಜಿ ಹಿಡಿದುಕೊಂಡು ಹೋದವರಿಗೆ ಎದುರಾಗುವುದು ಕೌಂಟಿಯ ಗುಮಾಸ್ತರೇ ಆದರೂ ಆ ನಿಯಮವನ್ನು ಬರೆದದ್ದು ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೋದಲ್ಲಿ. ಅದಕ್ಕಾಗಿ ಸೂಪರ್‌ವೈಸರ್‌ರನ್ನು ಬೈಯುವುದೂ ಸಲ್ಲದು, ಅದು ಸಡಿಲವಾದರೆ ಹೊಗಳುವುದೂ ಸಲ್ಲದು. ಇದಕ್ಕೆ ವಿರುದ್ಧವಾದ ಉದಾಹರಣೆ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣ. ಆ ನಿಲ್ದಾಣ ಕೌಂಟಿಯದೇ ಆದ್ದರಿಂದ ಸುತ್ತಲಿನ ಮಕ್ಕಳ ರಕ್ತದಲ್ಲಿ ಸೀಸ ಸೇರುತ್ತಿದೆಯೆಂಬ ಆತಂಕ ಎದ್ದಾಗ, ಸೀಸ ಬೆರೆತ ವಿಮಾನ ಇಂಧನದ ಮಾರಾಟವನ್ನು 2022ರ ಜನವರಿಯಿಂದ ನಿಲ್ಲಿಸಿದ್ದು ಮಂಡಳಿಯ ಸ್ವಂತ ತೀರ್ಮಾನ. ಅದನ್ನು ಒಪ್ಪುವವರೂ ಆಕ್ಷೇಪಿಸುವವರೂ ಮಂಡಳಿಯ ಕೊರಳಿಗೇ ಕಟ್ಟಬೇಕು.

ಇನ್ನೊಂದು ಸಂಗತಿಯನ್ನು ಯಾವ ವರದಿಯೂ ದೊಡ್ಡದಾಗಿ ಹೇಳುವುದಿಲ್ಲ. ಕೌಂಟಿಗೆ ಮೇಯರ್ ಇಲ್ಲ. ಕಾನೂನು ಮಾಡುವುದೂ ಆಡಳಿತ ನಡೆಸುವುದೂ ಇದೇ ಐವರು, ಯಾವ ತೀರ್ಮಾನಕ್ಕೂ ಮೂರು ಮತ ಬೇಕು. ಹಾಗಾಗಿ 'ನಾನು ಮಾಡಿಸುತ್ತೇನೆ' ಎಂಬ ವಾಕ್ಯ ಕಂಡಾಗಲೆಲ್ಲ ಉಳಿದ ಇಬ್ಬರು ಯಾರು ಎಂದು ಕೇಳಿಕೊಳ್ಳಿ. 1953ರ ಬ್ರೌನ್ ಕಾಯಿದೆಯ ಪ್ರಕಾರ ಆ ಮೂವರು ಸಭೆಯ ಹೊರಗೆ ಕೂತು ವಿಷಯವನ್ನು ಇತ್ಯರ್ಥ ಮಾಡಿಕೊಳ್ಳುವಂತಿಲ್ಲ. ಲೆಕ್ಕ ಕೂಡುವುದು ಬಿಡುವುದು ಎಲ್ಲವೂ ಬಹಿರಂಗ ಸಭೆಯಲ್ಲೇ ನಡೆಯಬೇಕು. ಆದ್ದರಿಂದಲೇ ವರದಿಯಲ್ಲಿ ಒಂದು ಸಾಲಿನಲ್ಲಿ ಮುಗಿದಿರುವ ವಿಷಯದ ನಿಜವಾದ ಜಗ್ಗಾಟ ಸಭೆಯ ವಿಡಿಯೋದಲ್ಲಿ ಸಿಗುತ್ತದೆ.

ಉತ್ತರ 2: ಲೆಕ್ಕದ ಪುಸ್ತಕ

ಮೇಲಿನವರು ಆಡಳಿತವನ್ನು ವಿವರಿಸಿದ್ದಾರೆ, ನಾನು ತೆರಿಗೆಯ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ.

ಆಸ್ತಿ ತೆರಿಗೆಯ ಬಿಲ್ಲಿನ ಮೇಲೆ ಕೌಂಟಿಯ ಹೆಸರು ದೊಡ್ಡದಾಗಿ ಅಚ್ಚಾಗಿರುವುದರಿಂದ ಹಣವೆಲ್ಲ ಕೌಂಟಿಗೆ ಹೋಗುತ್ತದೆ ಎಂದು ಹೊಸಬರೆಲ್ಲರೂ ಭಾವಿಸುತ್ತಾರೆ. ಕೌಂಟಿ ಇಲ್ಲಿ ಮುಖ್ಯವಾಗಿ ವಸೂಲಿದಾರ. ಅದರ ಅತಿ ದೊಡ್ಡ ಪಾಲು ಶಾಲೆಗಳಿಗೆ ಸಲ್ಲುತ್ತದೆ, ಉಳಿದುದನ್ನು ಕೌಂಟಿ, ನಗರ, ವಿಶೇಷ ಜಿಲ್ಲೆಗಳು ಹಂಚಿಕೊಳ್ಳುತ್ತವೆ. ಜೊತೆಗೆ ಮೂಲ ತೆರಿಗೆಯ ದರವನ್ನು ಏರಿಸುವ ಅಧಿಕಾರ ಮಂಡಳಿಗಿಲ್ಲ. 1978ರಲ್ಲಿ ರಾಜ್ಯದ ಮತದಾರರು ಒಪ್ಪಿದ ಪ್ರಾಪ್ 13ರಂತೆ ಅದು ಅಂದಾಜು ಮೌಲ್ಯದ ಶೇ. 1 ಮಾತ್ರ, ಆ ಮೌಲ್ಯವೂ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮಾಲೀಕತ್ವ ಬದಲಾದಾಗ ಮಾತ್ರ ಮಾರುಕಟ್ಟೆ ಬೆಲೆಗೆ ಜಿಗಿಯುತ್ತದೆ. ನೀವು 15 ಲಕ್ಷ ಡಾಲರಿಗೆ ಮನೆ ಕೊಂಡಿದ್ದರೆ ಮೂಲ ತೆರಿಗೆ 15,000 ಡಾಲರ್, ಮುಂದಿನ ವರ್ಷ ಹೆಚ್ಚೆಂದರೆ 15,300. ಪಕ್ಕದ ಮನೆಯ ಅಜ್ಜಿ 1985ರಲ್ಲಿ ಕೊಂಡ ಅಂಥದೇ ಮನೆಗೆ ಅದರ ಸಣ್ಣದೊಂದು ಭಾಗವನ್ನು ಕಟ್ಟುತ್ತಿರಬಹುದು. ಇದು ನ್ಯಾಯವೇ ಎಂಬ ಜಗಳ ಇಲ್ಲಿ ನಾಲ್ಕು ದಶಕಗಳಿಂದ ನಡೆದಿದೆ, ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳೋಣ.

ಬಿಲ್ಲನ್ನು ಒಮ್ಮೆ ಎದುರಿಗೆ ಹರಡಿಕೊಂಡು ನೋಡಿ. ಶೇ. 1ರ ಸಾಲಿನ ಕೆಳಗೆ ಚಿಕ್ಕ ಅಕ್ಷರದಲ್ಲಿ ಬೇರೆ ಸಾಲುಗಳಿರುತ್ತವೆ: ಶಾಲಾ ಜಿಲ್ಲೆಯ ಬಾಂಡ್, ಸಮುದಾಯ ಕಾಲೇಜಿನ ಬಾಂಡ್, ಕೌಂಟಿಯ ಆಸ್ಪತ್ರೆ ಬಾಂಡ್, ಕೌಂಟಿಯ ವಸತಿ ಬಾಂಡ್, ಕೊನೆಯಲ್ಲಿ ಸೊಳ್ಳೆ ನಿಯಂತ್ರಣದಂಥ ಪುಡಿ ಶುಲ್ಕಗಳು. ಮತದಾರರು ಒಂದಲ್ಲ ಒಂದು ಚುನಾವಣೆಯಲ್ಲಿ ಒಪ್ಪಿದ ಸಾಲಗಳು ಬಿಲ್ಲಿನ ಆ ಭಾಗದಲ್ಲಿವೆ. ಆಸ್ಪತ್ರೆ ಬಾಂಡ್ 2008ರದು, ಭೂಕಂಪ ತಡೆಯುವಂತೆ ಆಸ್ಪತ್ರೆ ಕಟ್ಟಡಗಳನ್ನು ಬಲಪಡಿಸಲು 84 ಕೋಟಿ ಡಾಲರ್. ವಸತಿ ಬಾಂಡ್ 2016ರದು, 95 ಕೋಟಿ ಡಾಲರ್. ತಮಾಷೆಯೆಂದರೆ ಮತಕ್ಕಿಟ್ಟ ಈ ಎರಡೂ ಪ್ರಸ್ತಾವಗಳ ಹೆಸರು 'ಮೆಷರ್ ಎ'. 2012ರಲ್ಲಿ ಕೌಂಟಿ ತಂದ ಮಾರಾಟ ತೆರಿಗೆ, 2018ರಲ್ಲಿ ಅದನ್ನು ಮುಂದುವರಿಸಿದ್ದು, 2025ರ ನವೆಂಬರ್‌ನಲ್ಲಿ ಗೆದ್ದ ಹೊಸ ಮಾರಾಟ ತೆರಿಗೆ ಇವೂ 'ಮೆಷರ್ ಎ'ಗಳೇ. ವರದಿಯಲ್ಲಿ 'ಮೆಷರ್ ಎ ಹಣದಿಂದ' ಎಂದು ಓದಿದರೆ ಯಾವ ವರ್ಷದ್ದು ಎಂದು ಮೊದಲು ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ಮನೆಗೆಂದು ಎತ್ತಿದ ಸಾಲ ಆಸ್ಪತ್ರೆಗೆ ಹೋಯಿತೆಂದು ಸುಮ್ಮನೆ ಗಾಬರಿಯಾಗುತ್ತದೆ.

ಹೊಸ ತೆರಿಗೆ ಶೇ. 0.625, ಐದು ವರ್ಷಕ್ಕೆ, 2026ರ ಏಪ್ರಿಲ್ 1ರಿಂದ. ಸನಿವೇಲ್‌ನಲ್ಲಿ ಶೇ. 9.125 ಇದ್ದದ್ದು 9.75 ಆಗುತ್ತದೆ, ಸ್ಯಾನ್ ಹೋಸೆಯಲ್ಲಿ 9.375 ಇದ್ದದ್ದು ಸರಿಯಾಗಿ 10. ಅಕ್ಕಿ, ಬೇಳೆ, ತರಕಾರಿ, ವೈದ್ಯರು ಬರೆದ ಔಷಧಗಳಿಗೆ ಮಾರಾಟ ತೆರಿಗೆಯೇ ಇಲ್ಲದ್ದರಿಂದ ಅಡುಗೆಮನೆಯ ಖರ್ಚು ಬದಲಾಗದು. 40,000 ಡಾಲರಿನ ಕಾರು ಕೊಂಡರೆ 250 ಡಾಲರ್ ಹೆಚ್ಚು ಬೀಳುತ್ತದೆ. ಪಕ್ಕದ ಕೌಂಟಿಗೆ ಹೋಗಿ ಕಾರು ಕೊಂಡರೆ ತಪ್ಪಿಸಿಕೊಳ್ಳಬಹುದೆಂದು ಯೋಚಿಸಬೇಡಿ, ಕಾರಿನ ತೆರಿಗೆ ನೀವು ಅದನ್ನು ನೋಂದಾಯಿಸುವ ವಿಳಾಸವನ್ನು ಹಿಂಬಾಲಿಸುತ್ತದೆ.

ಇಲ್ಲಿ ನನ್ನದೊಂದು ಆಕ್ಷೇಪವನ್ನೂ ದಾಖಲಿಸುತ್ತೇನೆ. ಈ ಮೆಷರ್ ಎ 'ಸಾಮಾನ್ಯ ತೆರಿಗೆ'. ಒಂದು ನಿರ್ದಿಷ್ಟ ಉದ್ದೇಶಕ್ಕೆ ಕಟ್ಟಿಹಾಕಿದ ತೆರಿಗೆಯಾದರೆ ಮೂರನೇ ಎರಡರಷ್ಟು ಮತ ಬೇಕಾಗುತ್ತಿತ್ತು, ಸಾಮಾನ್ಯ ತೆರಿಗೆಗೆ ಅರ್ಧಕ್ಕಿಂತ ಹೆಚ್ಚು ಸಾಕು. ಅದಕ್ಕೆ ತೆತ್ತ ಬೆಲೆಯೆಂದರೆ ಹಣವನ್ನು ಆಸ್ಪತ್ರೆಗೇ ಖರ್ಚು ಮಾಡಬೇಕೆಂಬ ಕಾನೂನಿನ ಕಟ್ಟುಪಾಡು ಇಲ್ಲದಿರುವುದು. ಪ್ರಚಾರದಲ್ಲಿ ಆಸ್ಪತ್ರೆಯ ಹಾಸಿಗೆಗಳನ್ನು ತೋರಿಸಿದರು, ಹಣ ಸೇರುವುದು ಎಲ್ಲ ಇಲಾಖೆಗಳೂ ಕೈ ಹಾಕುವ ಸಾಮಾನ್ಯ ನಿಧಿಗೆ. ಮಾರಾಟ ತೆರಿಗೆಯ ಭಾರವು ಆದಾಯದ ಲೆಕ್ಕದಲ್ಲಿ ಬಡವರ ಮೇಲೆಯೇ ಹೆಚ್ಚು ಬೀಳುತ್ತದೆ ಎಂಬುದನ್ನು ವಾಣಿಜ್ಯಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಬಲ್ಲ. ಬಡವರ ಆಸ್ಪತ್ರೆಯನ್ನು ಉಳಿಸಲು ಬಡವರಿಂದಲೇ ಎತ್ತುವುದು ನನಗೆ ಸರಿ ಕಾಣದು. ಜತೆಗೆ ದೊಡ್ಡ ಸಂಕಷ್ಟದ ಹೊತ್ತಿನಲ್ಲೇ ಕೌಂಟಿ ಇನ್ನೊಂದು ಆಸ್ಪತ್ರೆಯನ್ನು ಕೊಂಡುಕೊಂಡದ್ದು ಜಾಣತನವೇ?

ಕೊನೆಯದಾಗಿ ಒಂದು ಎಚ್ಚರಿಕೆ. ನೀವು ಕಳೆದ ವರ್ಷ ಕೊಂಡವರಾದ್ದರಿಂದ 'ಸಪ್ಲಿಮೆಂಟಲ್' ಬಿಲ್ ಬಂದಿದೆಯೇ ನೋಡಿ. ಹಳೆಯ ಮಾಲೀಕರ ಮೌಲ್ಯಕ್ಕೂ ನಿಮ್ಮ ಖರೀದಿ ಬೆಲೆಗೂ ಇರುವ ಅಂತರದ ತೆರಿಗೆ ಅದು. ಗೃಹಸಾಲ ಕೊಟ್ಟವರು ತೆರಿಗೆಗೆಂದು ನಿಮ್ಮಿಂದ ಕೂಡಿಟ್ಟ ಎಸ್ಕ್ರೋ ಖಾತೆಯಿಂದ ವಾರ್ಷಿಕ ತೆರಿಗೆ ಕಟ್ಟುತ್ತಾರೆ, ಇದನ್ನು ಸಾಮಾನ್ಯವಾಗಿ ಕಟ್ಟುವುದಿಲ್ಲ. ವಾರ್ಷಿಕ ತೆರಿಗೆಯ ಎರಡನೇ ಕಂತಿಗೆ ಏಪ್ರಿಲ್ 10 ಗಡುವು, ದಾಟಿದರೆ ಶೇ. 10 ದಂಡ. ಸ್ವಂತ ವಾಸದ ಮನೆಗೆ 7,000 ಡಾಲರ್ ಮೌಲ್ಯದ ವಿನಾಯಿತಿ ಇದೆ, ಉಳಿಯುವುದು 70 ಡಾಲರ್ ಮಾತ್ರವಾದರೂ ಒಮ್ಮೆ ಅರ್ಜಿ ಹಾಕಿದರೆ ಆ ಮನೆಯಲ್ಲಿ ಇರುವವರೆಗೂ ನಡೆಯುತ್ತದೆ. ಅದಕ್ಕೆ ಪೌರತ್ವ ಬೇಕಿಲ್ಲ.

ಉತ್ತರ 3: ಈಸ್ಟ್ ಸೈಡ್ ನರ್ಸ್

ಲೆಕ್ಕದ ಪುಸ್ತಕ ಅವರೇ, ತಮ್ಮ ಲೆಕ್ಕ ಸರಿಯಾಗಿದೆ. ಆದರೆ 'ಜಾಣತನವೇ' ಎಂಬ ಪ್ರಶ್ನೆಗೆ ಪೂರ್ವ ಸ್ಯಾನ್ ಹೋಸೆಯಲ್ಲಿ ಕೆಲಸ ಮಾಡುವ ನನ್ನಂಥವರ ಉತ್ತರ ಬೇರೆ.

ಕೌಂಟಿ ಕೊಂಡುಕೊಂಡ ಆ ಆಸ್ಪತ್ರೆ ರೀಜನಲ್ ಮೆಡಿಕಲ್ ಸೆಂಟರ್. ಅದು ಖಾಸಗಿ ಕೈಯಲ್ಲಿದ್ದಾಗ 2020ರಲ್ಲಿ ಹೆರಿಗೆ ವಿಭಾಗ ಮುಚ್ಚಿತು, 2024ರಲ್ಲಿ ಟ್ರಾಮಾ ಕೇಂದ್ರ (ತೀವ್ರ ಗಾಯಗಳ ತುರ್ತು ಚಿಕಿತ್ಸಾ ಕೇಂದ್ರ) ಮುಚ್ಚಿತು. ಹೆದ್ದಾರಿ 101ರ ಪೂರ್ವಕ್ಕಿರುವ ಬಡಾವಣೆಗಳಲ್ಲಿ ಅಪಘಾತವಾದರೆ ಆಂಬುಲೆನ್ಸ್ ಊರಿನ ಇನ್ನೊಂದು ತುದಿಯ ವ್ಯಾಲಿ ಮೆಡಿಕಲ್ ಸೆಂಟರ್‌ಗೋ ಸ್ಟ್ಯಾನ್‌ಫರ್ಡ್‌ಗೋ ಓಡಬೇಕಾಯಿತು. ಸಂಜೆ ಐದರ ವೇಳೆಗೆ ನಮ್ಮ ಹೆದ್ದಾರಿಗಳು ಹೇಗಿರುತ್ತವೆ ಎಂದು ಇಲ್ಲಿರುವವರಿಗೆ ವಿವರಿಸಬೇಕಿಲ್ಲ. ರಕ್ತ ಸೋರುತ್ತಿರುವ ಮನುಷ್ಯನಿಗೆ ಆ ಇಪ್ಪತ್ತು ನಿಮಿಷವೇ ಎಲ್ಲ. 2025ರ ಏಪ್ರಿಲ್ 1ರಂದು ಕೌಂಟಿ 17.5 ಕೋಟಿ ಡಾಲರ್ ಕೊಟ್ಟು ಅದನ್ನು ತನ್ನದಾಗಿಸಿಕೊಂಡಿತು, ಬೆನ್ನಿಗೇ ಟ್ರಾಮಾ ಸೇವೆ ಮರಳಿತು. ಇದಕ್ಕೂ ಮುಂಚೆ ಓಕಾನರ್ ಮತ್ತು ಗಿಲ್ರಾಯ್‌ನ ಸೇಂಟ್ ಲೂಯಿಸ್ ಆಸ್ಪತ್ರೆಗಳ ಮಾಲೀಕ ಸಂಸ್ಥೆ ದಿವಾಳಿಯಾದಾಗಲೂ ಕೌಂಟಿ 2019ರಲ್ಲಿ 23.5 ಕೋಟಿ ಡಾಲರ್ ಕೊಟ್ಟು ಅವನ್ನು ಉಳಿಸಿಕೊಂಡಿತ್ತು. 1876ರಿಂದ ನಡೆದು ಬಂದಿರುವ ವ್ಯಾಲಿ ಮೆಡಿಕಲ್ ಸೆಂಟರ್ ಸೇರಿದರೆ ಈಗ ಒಟ್ಟು ನಾಲ್ಕು ಆಸ್ಪತ್ರೆಗಳು. ದುಬಾರಿ ವಿಮೆ ಇರುವ ಎಂಜಿನಿಯರ್ ಕೂಡ, ಸುಟ್ಟಗಾಯವಾದರೆ ಅಥವಾ ಬೆನ್ನುಹುರಿಗೆ ಪೆಟ್ಟಾದರೆ ಬರುವುದು ಇದೇ ವ್ಯಾಲಿ ಮೆಡಿಕಲ್ ಸೆಂಟರ್‌ಗೆ, ಆ ಚಿಕಿತ್ಸೆಗಳ ವಿಶೇಷ ಕೇಂದ್ರಗಳು ಅಲ್ಲೇ ಇವೆ.

ಕೊರತೆ ಎಲ್ಲಿಂದ ಬಂತು ಎಂಬುದನ್ನು ವರದಿಗಳು ಅರ್ಧಂಬರ್ಧ ಹೇಳುತ್ತವೆ. ಕೌಂಟಿಯ ಸುಮಾರು ನಾಲ್ವರು ನಿವಾಸಿಗಳಲ್ಲಿ ಒಬ್ಬರು ಮೆಡಿ-ಕ್ಯಾಲ್‌ನಲ್ಲಿದ್ದಾರೆ, ಕೌಂಟಿ ಆಸ್ಪತ್ರೆಗಳ ಆದಾಯ ಬಹುಮಟ್ಟಿಗೆ ಅದನ್ನೇ ನೆಚ್ಚಿಕೊಂಡಿದೆ. 2025ರ ಜುಲೈ 4ರಂದು ಸಹಿಯಾದ ಕೇಂದ್ರದ ಎಚ್‌ಆರ್ 1 ಕಾನೂನು ಆ ಹಣಕ್ಕೆ ಕತ್ತರಿ ಹಾಕಿದೆ. ಅದರ ಕಡಿತಗಳು ಪೂರ್ತಿ ಜಾರಿಯಾದಾಗ ವರ್ಷಕ್ಕೆ 100 ಕೋಟಿ ಡಾಲರ್‌ಗೂ ಹೆಚ್ಚು ಕೈತಪ್ಪುತ್ತದೆ ಎಂಬುದು ಕೌಂಟಿಯೇ ಮುಂದಿಟ್ಟ ಅಂದಾಜು. ಹೊಸ ಮಾರಾಟ ತೆರಿಗೆಯಿಂದ ನಿರೀಕ್ಷಿಸಿರುವುದು ವರ್ಷಕ್ಕೆ ಸುಮಾರು 33 ಕೋಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತೆರಿಗೆ ಗೆದ್ದ ಮೇಲೂ ಸಂಕಟ ತೀರಿಲ್ಲವೆಂದು ತಿಳಿಯುತ್ತದೆ. 'ಮೆಷರ್ ಎ ನಮ್ಮ ಆಸ್ಪತ್ರೆಗಳನ್ನು ಉಳಿಸಿತು' ಎಂದು ಯಾವುದಾದರೂ ವರದಿ ಬರೆದರೆ ಅದನ್ನು ಮೂರನೇ ಒಂದು ಭಾಗದ ಮಟ್ಟಿಗೆ ಮಾತ್ರ ನಂಬಿ.

ಕಡಿತ ಎಂದರೆ ಚೆಕ್ಕಿನ ಮೊತ್ತ ಕಡಿಮೆಯಾಗುವುದಷ್ಟೇ ಅಲ್ಲ. 2027ರ ಆರಂಭದಿಂದ ಮೆಡಿ-ಕ್ಯಾಲ್ ವಿಸ್ತರಣೆಯಲ್ಲಿ ಸೇರಿದ ವಯಸ್ಕರು ತಿಂಗಳಿಗೆ 80 ಗಂಟೆ ದುಡಿಯುತ್ತಿರುವುದಕ್ಕೆ ಅಥವಾ ವಿನಾಯಿತಿ ಇರುವುದಕ್ಕೆ ಪುರಾವೆ ಕೊಡಬೇಕು, ವರ್ಷಕ್ಕೊಮ್ಮೆ ಇದ್ದ ಅರ್ಹತೆಯ ಪರಿಶೀಲನೆ ಆರು ತಿಂಗಳಿಗೊಮ್ಮೆ ಆಗುತ್ತದೆ. ದುಡಿಯದವರು ಹೊರಬೀಳುತ್ತಾರೆ ಎಂಬುದು ಕಾಗದದ ಮೇಲಿನ ಮಾತು. ನಾನು ಕಂಡಂತೆ ಹೊರಬೀಳುವವರು ಎರಡು ಕಡೆ ದುಡಿಯುವವರೇ. ಮನೆ ಬದಲಾಯಿಸಿದ ಕಾರಣಕ್ಕೆ ನವೀಕರಣದ ಪತ್ರ ಕೈಸೇರದೆ ಮೆಡಿ-ಕ್ಯಾಲ್ ರದ್ದಾಗಿದ್ದ ಒಬ್ಬ ಅಡುಗೆಭಟ್ಟರು ಸಕ್ಕರೆ ಕಾಯಿಲೆಯ ಇನ್ಸುಲಿನ್ ಅನ್ನು ಅರ್ಧರ್ಧ ಹಾಕಿಕೊಂಡು ಕೊನೆಗೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದದ್ದನ್ನು ನೋಡಿದ್ದೇನೆ. ತಿಂಗಳ ಔಷಧದ ಬೆಲೆಯಲ್ಲಿ ಮುಗಿಯಬೇಕಾದದ್ದು ಐಸಿಯು ಖರ್ಚಿಗೆ ಹೋಗಿ ನಿಂತಿತು. ಆ ಖರ್ಚನ್ನು ಭರಿಸುವುದೂ ಕೊನೆಗೆ ಕೌಂಟಿಯೇ, ಏಕೆಂದರೆ ರಾಜ್ಯದ ಕಾನೂನಿನ 17000ನೇ ಸೆಕ್ಷನ್ ಬೇರೆ ದಿಕ್ಕಿಲ್ಲದ ಬಡ ನಿವಾಸಿಗಳ ಹೊಣೆಯನ್ನು ಕೌಂಟಿಗಳ ಮೇಲೆ ಹೊರಿಸಿದೆ. ಕೇಂದ್ರ ಕೈಬಿಡಬಹುದು, ರಾಜ್ಯ ಕೈಬಿಡಬಹುದು, ಕೌಂಟಿಗೆ ಆ ಸ್ವಾತಂತ್ರ್ಯವಿಲ್ಲ. ತಾವು ಹೇಳಿದಂತೆ ಮಾರಾಟ ತೆರಿಗೆ ಬಡವರಿಗೆ ಭಾರವೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರಾಪ್ 13 ಆಸ್ತಿ ತೆರಿಗೆಯ ಬಾಗಿಲನ್ನು ಮುಚ್ಚಿರುವಾಗ, ಆದಾಯ ತೆರಿಗೆ ಹಾಕುವ ಅಧಿಕಾರ ಕೌಂಟಿಗೆ ಇಲ್ಲದಿರುವಾಗ, ಇನ್ನಾವ ಬಾಗಿಲನ್ನು ತಟ್ಟಬೇಕಿತ್ತು?

ಉತ್ತರ 4: ಲೆಕ್ಕದ ಪುಸ್ತಕ

ಟ್ರಾಮಾ ಕೇಂದ್ರದ ವಿಚಾರದಲ್ಲಿ ಈಸ್ಟ್ ಸೈಡ್ ನರ್ಸ್ ಅವರ ಮಾತಿಗೆ ನನ್ನ ತಕರಾರಿಲ್ಲ. ನಾನು ಕೇಳುತ್ತಿರುವುದು ಬೇರೆ. 1,300 ಕೋಟಿ ಡಾಲರಿನ ಬಜೆಟ್ಟಿನಲ್ಲಿ ಆ 33 ಕೋಟಿ ಎಲ್ಲಿ ಕೂತಿತು ಎಂಬುದನ್ನು ಪ್ರತ್ಯೇಕವಾಗಿ ತೋರಿಸುವ ಒಂದು ಪುಟ ಪ್ರತಿ ವರದಿಯಲ್ಲೂ ಇರಬೇಕು. ಕಾನೂನು ಕಡ್ಡಾಯ ಮಾಡದಿದ್ದರೂ ಸೂಪರ್‌ವೈಸರ್‌ಗಳು ಮನಸ್ಸು ಮಾಡಿದರೆ ತೋರಿಸಬಹುದು. ತೋರಿಸದಿದ್ದರೆ ಐದು ವರ್ಷ ಕಳೆದ ಮೇಲೆ ಈ ತೆರಿಗೆಯನ್ನು ಮುಂದುವರಿಸಿ ಎಂದು ಕೇಳಲು ಬಂದಾಗ ನನ್ನ ಮತ ಸಿಗದು. 2012ರ ತೆರಿಗೆ 2018ರಲ್ಲಿ ಮುಂದುವರಿದ ಬಗೆಯನ್ನು ನೋಡಿದ್ದೇನಾದ್ದರಿಂದ, ಅವರು ಬಂದೇ ಬರುತ್ತಾರೆ ಎಂದು ಭಾವಿಸಿದ್ದೇನೆ.

ಪ್ರಶ್ನೆ ಕೇಳಿದವರಿಂದ: ಸನಿವೇಲ್ ಹೊಸಬ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಪ್ಲಿಮೆಂಟಲ್ ಬಿಲ್ ಬಂದಿತ್ತು, ಎಸ್ಕ್ರೋದವರು ಕಟ್ಟುತ್ತಾರೆಂದು ಬದಿಗಿಟ್ಟಿದ್ದೆವು, ಈಗಲೇ ತೆಗೆದು ನೋಡುತ್ತೇವೆ. ಲೆಕ್ಕದ ಪುಸ್ತಕ ಅವರು ಕೇಳಿದ ಆ ಒಂದು ಪುಟವನ್ನು ನಾನೂ ಕೇಳಬೇಕೆಂದುಕೊಂಡಿದ್ದೇನೆ. ಮತವಿಲ್ಲದ ನಾನು ಕೇಳಿದರೆ ಅವರು ಉತ್ತರಿಸಬೇಕೇ? ವೀಸಾದಲ್ಲಿ ಇರುವವರು ಮಂಡಳಿಯ ಸಭೆಗೆ ಹೋಗಿ ಮಾತನಾಡುವುದರಿಂದ ಏನಾದರೂ ತೊಡಕು ಇದೆಯೇ?

ಉತ್ತರ 5: ಹೆಡ್ಡಿಂಗ್ ಬೀದಿಯ ಓದುಗ

ಮಾತನಾಡಲು ಪೌರತ್ವ ಬೇಕಿಲ್ಲ. ಬ್ರೌನ್ ಕಾಯಿದೆ ಸಭೆಯನ್ನು ತೆರೆದಿಟ್ಟಿರುವುದು ಮತದಾರರಿಗಲ್ಲ, ಸಾರ್ವಜನಿಕರಿಗೆ. ಸಭೆಗೆ ಬರುವುದಕ್ಕೆ ಹೆಸರು ನೋಂದಾಯಿಸಲೇಬೇಕು ಎಂಬ ಷರತ್ತನ್ನು ಕೂಡ ಅವರು ಹಾಕುವಂತಿಲ್ಲ. ಹೋಗಿ ಅಭಿಪ್ರಾಯ ಹೇಳುವುದು ಚುನಾವಣೆಯಲ್ಲಿ ಮತ ಹಾಕಿದಂತೆ ಆಗುವುದಿಲ್ಲ. ಮತಪತ್ರ ಮಾತ್ರ ಪೌರರಿಗೆ ಮೀಸಲು, ಅದರ ಹತ್ತಿರ ಯಾವ ಕಾರಣಕ್ಕೂ ಸುಳಿಯಬೇಡಿ. ಚಾಲನಾ ಪರವಾನಗಿ ನೀಡುವ ಡಿಎಂವಿ ಕಚೇರಿಯಲ್ಲಿ ಮತದಾರರ ನೋಂದಣಿಯ ಪ್ರಶ್ನೆ ಎದುರಾದಾಗ ಎಚ್ಚರದಿಂದ ಓದಿ ಉತ್ತರಿಸಿ.

ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು ಕಡೇಪಕ್ಷ 72 ಗಂಟೆ ಮುಂಚೆ ಪ್ರಕಟಿಸಲೇಬೇಕಾದ್ದರಿಂದ ಮಂಗಳವಾರದ ಸಭೆಯ ವಿಷಯಗಳು ವಾರಾಂತ್ಯದ ಹೊತ್ತಿಗೆ ಕೌಂಟಿಯ ಜಾಲತಾಣದಲ್ಲಿ ಸಿಗುತ್ತವೆ. ನಿಮ್ಮ ವಿಷಯದ ಸಂಖ್ಯೆಯನ್ನು ಗುರುತು ಹಾಕಿಕೊಂಡು ಹೋಗಿ. ಸಿಗುವುದು ಒಂದೆರಡು ನಿಮಿಷ, ಜನ ಹೆಚ್ಚಾದರೆ ಅದೂ ಮೊಟಕಾಗುತ್ತದೆ, ಆದ್ದರಿಂದ ಪೀಠಿಕೆ ಬೇಡ. 'ಸನಿವೇಲ್ ನಿವಾಸಿ, ಮೆಷರ್ ಎ ಹಣದ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರತ್ಯೇಕ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ' ಎಂದು ಆರಂಭಿಸಿ, ಉಳಿದ ಸಮಯದಲ್ಲಿ ಕಾರಣ ಹೇಳಿ. ಸೂಪರ್‌ವೈಸರ್‌ಗಳು ಅಲ್ಲೇ ಉತ್ತರಿಸುವ ವಾಡಿಕೆಯಿಲ್ಲ, ಮೌನವನ್ನು ಅವಮಾನವೆಂದು ತಿಳಿಯಬೇಡಿ. ಅದೇ ಕೋರಿಕೆಯನ್ನು ನಿಮ್ಮ ಸೂಪರ್‌ವೈಸರ್ ಕಚೇರಿಗೆ ಲಿಖಿತವಾಗಿಯೂ ಕಳುಹಿಸಿ. ಅಲ್ಲಿನ ಸಿಬ್ಬಂದಿ ವಿಳಾಸ ತಮ್ಮ ವಿಭಾಗದೊಳಗೆ ಬರುತ್ತದೆಯೇ ಎಂದು ನೋಡುತ್ತಾರೆ, ಪಾಸ್‌ಪೋರ್ಟಿನ ಬಣ್ಣವನ್ನು ಕೇಳುವುದಿಲ್ಲ.

ಯಾವಾಗ ಎಂಬುದು ಮುಖ್ಯ. ಕೌಂಟಿಯ ಆರ್ಥಿಕ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಕೌಂಟಿ ಎಕ್ಸಿಕ್ಯುಟಿವ್ ಶಿಫಾರಸು ಮಾಡುವ ಬಜೆಟ್ ಪ್ರಕಟವಾಗುವುದು ವಸಂತದ ಕೊನೆಯಲ್ಲಿ, ಮಂಡಳಿ ಅದಕ್ಕೆ ಅಂತಿಮ ಮುದ್ರೆ ಒತ್ತುವುದು ಜೂನ್‌ನಲ್ಲಿ. ಜೂನ್ ವೇಳೆಗೆ ಮೂರು ಮತಗಳು ಬಹುತೇಕ ಎಣಿಕೆಯಾಗಿರುತ್ತವೆ, ಮಾತು ಕೇಳಿಸಬೇಕಾದರೆ ಮೇ ತಿಂಗಳ ವಿಚಾರಣೆಗಳಿಗೇ ಹೋಗಬೇಕು. ಲೆಕ್ಕದ ಪುಸ್ತಕ ಅವರೂ ಜತೆಗೆ ಬಂದರೆ ಒಳ್ಳೆಯದು. ತೆರಿಗೆಯನ್ನು ವಿರೋಧಿಸಿದವರೊಬ್ಬರು, ಅದರ ಬಗ್ಗೆ ಇನ್ನೂ ತೀರ್ಮಾನಕ್ಕೆ ಬರದವರೊಬ್ಬರು ಒಂದೇ ಕೋರಿಕೆಯನ್ನು ಮುಂದಿಟ್ಟರೆ ಅದನ್ನು ಪಕ್ಕಕ್ಕೆ ಸರಿಸುವುದು ಯಾವ ಕಚೇರಿಗೂ ಸುಲಭವಲ್ಲ. ಈಸ್ಟ್ ಸೈಡ್ ನರ್ಸ್ ಅವರಿಗೆ ಆ ದಿನ ಪಾಳಿ ಇರದಿದ್ದರೆ ಅವರನ್ನೂ ಕರೆಯಿರಿ.